ಫುಗಡಿಯ ಕೈ, ಬೋಗಾಣಿಯ ಹಿಡಿಕೆ

ಹಸಿ ಅರಿವೆ ಕಾದ ಪಾತ್ರೆಗೆ ತಾಗಿದರೆ ಒಂದು ವಾಸನೆ ಬರುತ್ತದೆ. ಅರ್ಧ ಉಗಿ, ಅರ್ಧ ಸುಟ್ಟ ನೂಲು. ಹೋದ ಪೋಲಿಯೊ ಭಾನುವಾರ ನಮ್ಮ ಓಣಿಯ ಸಾಲೆಯಲ್ಲಿ ಹನಿ ಹಾಕಲು ಕುಳಿತಿದ್ದಾಗ, ಯಾರೋ ಚಹಾದ ಪಾತ್ರೆಯನ್ನು ಹಸಿ ಅರಿವೆಯಿಂದ ಹಿಡಿದು ಇಳಿಸಿದರು. ಅಷ್ಟೇ ನೋಡಿ, ನನ್ನ ಬೆರಳು ತಾವಾಗಿಯೇ ಬಿಚ್ಚಿಕೊಂಡವು. ಕೈಯಲ್ಲಿದ್ದ ಹನಿಯ ಬಾಟಲಿ ಮೇಜಿನ ಮೇಲೆ ಬಿದ್ದು ಉರುಳಿತು. ಪಕ್ಕದಲ್ಲಿದ್ದ ನರ್ಸಬಾಯಿ, ‘ಯಾಕ್ರಿ ಟೀಚರ, ಆರಾಮಿಲ್ಲೇನ್ರಿ?’ ಅಂದರು. ಆರಾಮವಾಗಿಯೇ ಇದ್ದೆ. ಆದರೆ ಆ ವಾಸನೆ ನನ್ನನ್ನು ಬಿಸಿಯೂಟ ಶುರುವಾದ ಮೊದಲ ವರ್ಷಕ್ಕೆ ಒಯ್ದು ಬಿಸಾಕಿತ್ತು.

ಈಗ ನಾನು ಅಂಗನವಾಡಿಯಲ್ಲಿದ್ದೇನೆ. ಆ ವರ್ಷ ಇದೇ ಬನಹಟ್ಟಿಯ ಸಾಲೆಯಲ್ಲಿ ಮುಖ್ಯ ಅಡುಗೆಯವಳಾಗಿದ್ದೆ. ಮುಖ್ಯ ಅಂದರೆ ಬಹಳ ದೊಡ್ಡದು ಅಂದುಕೊಳ್ಳಬೇಡಿ. ಇಬ್ಬರು ಸಹಾಯಕಿಯರು, ನಾನೊಬ್ಬಳು. ನಾನು ಬೀಳಗಿಯವಳು, ಹತ್ತನೇತ್ತ, ಅಂದರೆ ಹತ್ತನೇ ಇಯತ್ತೆ, ಪಾಸಾಗಿ ಇಲ್ಲಿಗೆ ಸೊಸೆಯಾಗಿ ಬಂದವಳು. ಹತ್ತನೇತ್ತ ಪಾಸು ಅನ್ನುವುದನ್ನು ನೋಡಿ ನನ್ನನ್ನು ಮುಖ್ಯ ಮಾಡಿದರು. ಮನೆಯಲ್ಲಿ ಐದು ಮಂದಿಗೆ ಸಾರು ಮಾಡುವಾಗಲೇ ಉಪ್ಪು ಹೆಚ್ಚುಕಡಿಮೆ ಮಾಡುತ್ತಿದ್ದ ನನಗೆ ಇಡೀ ಸಾಲೆಯ ಹೊಟ್ಟೆಯನ್ನು ಒಪ್ಪಿಸಿಬಿಟ್ಟರು.

ಇಬ್ಬರು ಸಹಾಯಕಿಯರಲ್ಲಿ ದೊಡ್ಡವಳು ಕಾಶವ್ವ. ನಾವೆಲ್ಲ ಕಾಶಕ್ಕ ಅನ್ನುತ್ತಿದ್ದೆವು. ರಬಕವಿಯ ನೇಕಾರರ ಮಗಳು, ಬನಹಟ್ಟಿಯ ನೇಕಾರರ ಸೊಸೆ. ಸಾಲೆಯ ಗೋಡೆಗೆ ಹತ್ತಿಯೇ ಅವರ ಮನೆ, ಮನೆಯೊಳಗೆ ನಾಲ್ಕು ಪಾವರಲೂಮು. ಗಂಡ ತೀರಿಕೊಂಡಿದ್ದ, ಮಗ ಮಹಾದೇವ ಮಗ್ಗ ನಡೆಸುತ್ತಿದ್ದ. ಇನ್ನೊಬ್ಬಳು ಲಗಮವ್ವ, ಹುನ್ನೂರ ಕಡೆಯವಳು. ತವರಿನಲ್ಲಿ ಕುರಿ, ಬೀರೇಶ್ವರನ ಭಕ್ತರ ಮನೆತನ. ತೆಳ್ಳಗೆ, ಚುರುಕು, ಅವಳು ನಡೆದರೆ ಉಳಿದವರು ಓಡಬೇಕು. ಬಾಯಿಯೂ ಅಷ್ಟೇ ಚುರುಕು.

ಆಗ ಈಗಿನಂಥ ಟೈಲ್ಸಿನ ಅಡುಗೆ ಕೋಣೆ ಇರಲಿಲ್ಲ. ಸಾಲೆಯ ಹಿಂಬದಿಗೆ ತಗಡಿನ ಪತ್ರಾಸು ಇಳಿಬಿಟ್ಟು, ಒಳಗೆ ಮೂರು ಕಲ್ಲಿನ ಒಲೆ ಹೂಡಿದ್ದರು. ಬಾಗಿಲಿಗೆ ಎತ್ತರದ ಹೊಸ್ತಿಲು, ಹೊಸ್ತಿಲ ಆಚೆ ಕಲ್ಲಿನ ಮೆಟ್ಟಿಲು, ಮೆಟ್ಟಿಲ ಕೆಳಗೆ ಮಕ್ಕಳ ಪಂಕ್ತಿ. ಕುದಿಯುವ ಸಾರಿನ ಬೋಗಾಣಿಯನ್ನು ಇಬ್ಬರು ಆಚೆಈಚೆ ಹಿಡಿಕೆ ಹಿಡಿದು, ಹೊಸ್ತಿಲು ದಾಟಿಸಿ, ಮೆಟ್ಟಿಲು ಇಳಿಸಿ, ಮಕ್ಕಳ ಮುಂದೆ ಇಡಬೇಕು. ಬಕೆಟ್ಟಿನಲ್ಲಿ ಸ್ವಲ್ಪ ಸ್ವಲ್ಪ ತುಂಬಿ ಒಯ್ಯಬಾರದಿತ್ತೇ ಅಂತ ಕೇಳುತ್ತೀರಿ. ಬಕೆಟ್ಟು ಬರುತ್ತವೆ ಬರುತ್ತವೆ ಅನ್ನುತ್ತಿದ್ದರು. ಆ ವರ್ಷವಿಡೀ ಅವು ಬರುತ್ತಲೇ ಇದ್ದವು. ಮಕ್ಕಳನ್ನೇ ಒಲೆಯ ಹತ್ತಿರ ಸಾಲು ಹಚ್ಚಿ ನೋಡಿದೆವು. ಹಿಂದಿನವರು ಮುಂದಿನವರನ್ನು ದಬ್ಬಿದ ರೀತಿ ನೋಡಿ ಅದೇ ದಿನ ಬಿಟ್ಟೆವು.

ಪಂಕ್ತಿಯ ತಲೆಗೆ, ಮೆಟ್ಟಿಲ ಬುಡದಲ್ಲೇ, ಒಂದನೇತ್ತದ ಮಕ್ಕಳು. ಅದರಲ್ಲಿ ಮೊದಲನೆಯವಳು ನನ್ನ ಮಗಳು ಗೌರಿ. ಅವ್ವನೇ ಅಡುಗೆಯವಳಲ್ಲವೇ, ಮೊದಲ ಜಾಗ ತನ್ನದೇ ಅಂತ ಆಕೆಯ ಹಟ. ನನಗೂ ಒಳಗೊಳಗೆ ಖುಷಿಯೇ ಇತ್ತು.

ಬನಹಟ್ಟಿಯ ಓಣಿಗಳ ಸದ್ದು ಗೊತ್ತಿಲ್ಲದವರಿಗೆ ಮುಂದಿನ ಮಾತು ತಿಳಿಯಲಿಕ್ಕಿಲ್ಲ. ಹಗಲಿಡೀ ಮಗ್ಗಗಳ ಖಟಾಖಟ್. ನಾವೆಲ್ಲ ಕೂಗಿಯೇ ಮಾತಾಡುವವರು, ಇಲ್ಲವೇ ಕೈಸನ್ನೆ. ಆ ಸದ್ದಿನೊಳಗೇ ಕೂಸು ಮಲಗುತ್ತದೆ. ಸದ್ದು ನಿಂತರೆ ಎದ್ದು ಅಳುತ್ತದೆ. ಮಗ್ಗ ನಿಂತಿತು ಅಂದರೆ ನೇಕಾರರ ಮನೆಯ ಹೆಂಗಸು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಅತ್ತ ತಿರುಗುತ್ತಾಳೆ. ಎಳೆ ಹರಿಯಿತೋ, ಕರೆಂಟು ಹೋಯಿತೋ, ಇನ್ನೇನಾಯಿತೋ ಅಂತ. ರೊಟ್ಟಿ ಬಡಿಯುತ್ತಿದ್ದರೆ ರೊಟ್ಟಿ ಬಿಡುತ್ತಾಳೆ. ಯಾರೂ ಕಲಿಸಿದ್ದಲ್ಲ ಅದು.

ಸಾಲೆ ಶುರುವಾಗಿ ಸ್ವಲ್ಪ ದಿನ ಆಗಿತ್ತು. ಮಳೆ ಹಿಡಿದಿತ್ತು. ಕಾಶಕ್ಕ, ಲಗಮವ್ವ ಬೋಗಾಣಿ ಎತ್ತಿಕೊಂಡು ಹೊಸ್ತಿಲು ದಾಟಿದ್ದರು, ನಾನು ಮೆಟ್ಟಿಲ ಮೇಲೆ ಮುಂದೆ ನಿಂತು ‘ಸರೀರಿ, ಸರೀರಿ’ ಅಂತ ಮಕ್ಕಳನ್ನು ಹಿಂದೆ ಸರಿಸುತ್ತಿದ್ದೆ. ಅಷ್ಟರಲ್ಲಿ ಕರೆಂಟು ಹೋಯಿತು. ಇಡೀ ಓಣಿ ಒಮ್ಮೆಲೇ ಗಪ್ ಆಯಿತು. ಕಾಶಕ್ಕ ಗಕ್ಕನೆ ತನ್ನ ಮನೆಯತ್ತ ತಿರುಗಿದಳು. ತಿರುಗುವಾಗ ಒಂದು ಕೈ ಹಿಡಿಕೆ ಬಿಟ್ಟಿತು. ಬೋಗಾಣಿ ವಾಲಿತು. ಸಾರು ಸಳಕ್ಕನೆ ತುಳುಕಿ ಮೆಟ್ಟಿಲ ಮೇಲೆ, ನನ್ನ ಹಿಮ್ಮಡದ ಮೇಲೆ ಬಿತ್ತು. ನಾನು ಚೀರಿದೆ. ಚೀರುತ್ತ ಕೆಳಗೆ ನೋಡಿದರೆ, ಗೌರಿಯ ಖಾಲಿ ತಾಟಿನೊಳಗೆ ಸಾರು ಉಗಿಯಾಡುತ್ತಿತ್ತು. ತಾಟು ಆಕೆಯ ತೊಡೆಯ ಮೇಲಿತ್ತು.

ಆಕೆಗೆ ಏನೂ ಆಗಲಿಲ್ಲ. ‘ಅವ್ವಾ, ಮೊದಲ ನಂಗ ಹಾಕಿದಿ’ ಅಂತ ನಕ್ಕಳು. ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಗೊಳೋ ಅಂತ ಅತ್ತೆ.

ಹಿಮ್ಮಡದ ಗುಳ್ಳೆ ಒಣಗಿತು. ಅಂಜಿಕೆ ಒಣಗಲಿಲ್ಲ. ಬೆಳಿಗ್ಗೆ ಬೇಳೆ ತೊಳೆಯುವಾಗ ಶುರುವಾಗುತ್ತಿತ್ತು ಅದು. ಬೇಳೆ ಕುದಿಗೆ ಬಂದಂತೆ ಅದೂ ಕುದಿಗೆ ಬರುತ್ತಿತ್ತು. ಊಟದ ಗಂಟೆ ಬಾರಿಸಿದ ಕೂಡಲೇ ಬಾಗಿಲಿಗೆ ಹೋಗಿ ಗೌರಿ ಎಲ್ಲಿ ಕುಳಿತಳೆಂದು ನೋಡುತ್ತಿದ್ದೆ. ಗೌರಿಗೆ ಹಿಂದೆ ಕೂಡು ಅಂದರೆ, ‘ಯಾಕ? ನಾ ಏನ್ ಮಾಡೀನಿ?’ ಅಂತ ಅಳು. ಆಕೆಯನ್ನು ಎಬ್ಬಿಸಿದರೆ ಆ ಜಾಗದಲ್ಲಿ ಇನ್ನೊಬ್ಬರ ಮಗು ಕೂಡುತ್ತದೆ. ಅದಕ್ಕೂ ಮನಸ್ಸು ಬರುತ್ತಿರಲಿಲ್ಲ. ಹೆಡ್‌ಮಾಸ್ತರರು ಬೇರೆ ಕರೆದು, ‘ನೋಡವಾ ಸುರೇಖಾ, ಒಂದ್ ಹುಡುಗಗ ಏನರ ಆತಂದ್ರ ನಾ ಉಳಿಯಾಂಗಿಲ್ಲ, ನೀನೂ ಉಳಿಯಾಂಗಿಲ್ಲ’ ಅಂದಿದ್ದರು. ಅವರೂ ಅಂಜಿದ್ದರು, ಪಾಪ.

ಇತ್ತ ಕಾಶಕ್ಕ, ಲಗಮವ್ವ ಒಬ್ಬರಿಗೊಬ್ಬರು ಮಾತು ಬಿಟ್ಟರು. ಲಗಮವ್ವ ಅವತ್ತೇ ಎಲ್ಲರ ಮುಂದೆ, ‘ಮಗ್ಗದ ಮ್ಯಾಲ ಜೀವ ಇಟ್ಟಾಕಿ ಬೋಗಾಣಿ ಯಾಕ ಹಿಡೀಬೇಕು? ಮನ್ಯಾಗ ಕುಂತು ನೂಲಿನ ಕಂಡಿಕಿ ಸುತ್ತಬೇಕು’ ಅಂದುಬಿಟ್ಟಿದ್ದಳು. ಕಾಶಕ್ಕ ಸುಮ್ಮನಿರುವವಳೇ? ‘ಕುರಿ ಹಿಂದ ಓಡಿದಂಗ ಓಡತಾಳ ಮೆಟ್ಟಲ ಮ್ಯಾಲ. ಆಕಿ ಜೋಡಿ ಹೆಜ್ಜಿ ಹಾಕಾಕ ಯಾರಿಗಾಗತೈತಿ?’ ಅಂದಳು. ಅಲ್ಲಿಂದ ಶುರು. ಹತ್ತು ಹೆಜ್ಜೆ ಅಗಲದ ಕೋಣೆಯಲ್ಲಿ, ಒಬ್ಬರಿಗೊಬ್ಬರು ಬೆನ್ನು ತಾಗುವಂತೆ ನಿಂತು, ನನ್ನ ಮೂಲಕ ಮಾತು. ‘ಸುರೇಖಾ, ಆಕಿಗೆ ಕೇಳು, ಉಪ್ಪು ಹಾಕ್ಯಾಳಂತೇನು?’ ಅಂತ ಕಾಶಕ್ಕ. ‘ಹಾಕೀನಂತ ಹೇಳ್ರಿ ಅಕ್ಕಾರ, ಕಣ್ಣಿದ್ರ ನೋಡಲಿ.’ ನನಗೆ ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ. ಇಬ್ಬರೂ ಕೂಡಿ ಬೋಗಾಣಿ ಹಿಡಿಯುವ ಮಾತು ದೂರ ಉಳಿಯಿತು. ಕಾಶಕ್ಕನ ಎದುರಿನ ಹಿಡಿಕೆ ನನ್ನ ಪಾಲಿಗೆ ಬಂತು.

ನಾನು ಹಿಡಿಕೆ ಹಿಡಿದಾಗಲೆಲ್ಲ ನೋಡುತ್ತಿದ್ದದ್ದು ಸಾರನ್ನು. ಅದು ಈ ಕಡೆ ತುಳುಕಿತೇ, ಆ ಕಡೆ ತುಳುಕಿತೇ. ಕಾಶಕ್ಕನ ಕಿವಿ ಮಗ್ಗದ ಸದ್ದಿನ ಮೇಲೆ. ಲಗಮವ್ವ ಹಿಂದಿನಿಂದ ‘ಲಗೂ, ಲಗೂ’ ಅಂತ ದೂಡುವವಳು. ಮೂವರೂ ಒಂದೇ ಕೆಲಸದಲ್ಲಿದ್ದೆವು, ಮೂವರೂ ಮೂರು ದಿಕ್ಕಿನಲ್ಲಿದ್ದೆವು.

ಪಂಚಮಿ ಬಂತು. ನಮ್ಮ ಕಡೆ ಪಂಚಮಿ ಅಂದರೆ ಜೋಳದ ಅಳ್ಳು, ಬೆಲ್ಲದ ಉಂಡಿ, ಜೋಕಾಲಿ, ಫುಗಡಿ. ಹೆಣ್ಣುಮಕ್ಕಳಿಗೆ ತವರಿನ ಹಬ್ಬ. ಬಿಸಿಯೂಟ ಬಿಟ್ಟು ಹೋಗುವಂತಿಲ್ಲ ಅಂತ ಲಗಮವ್ವ ಹುನ್ನೂರಿಗೆ ಹೋಗಿರಲಿಲ್ಲ. ಅದರ ಸಿಟ್ಟು ಬೇರೆ. ಹಬ್ಬದ ಮರುದಿನ ಸಾಲೆಗೆ ಬಂದ ಮಕ್ಕಳು ಕಡಿಮೆ. ಸಣ್ಣ ಪಾತ್ರೆಯಲ್ಲೇ ಸಾರು ಮುಗಿಯಿತು. ಮಳೆ ಬಿಟ್ಟಿತ್ತು. ಅಂಗಳದಲ್ಲಿ ಏಳನೇತ್ತದ ಹುಡುಗಿಯರು ಫುಗಡಿ ಆಡುತ್ತಿದ್ದರು. ಎದುರುಬದುರು ನಿಂತು, ಪಾದಕ್ಕೆ ಪಾದ ಹಚ್ಚಿ, ಕೈ ಕತ್ತರಿ ಹಾಕಿ ಹಿಡಿದು, ಮೈಯನ್ನು ಹಿಂದಕ್ಕೆ ಚೆಲ್ಲಿ ಗರಗರ ತಿರುಗುವುದು. ಒಬ್ಬರು ಕೈ ಬಿಟ್ಟರೆ ಇಬ್ಬರೂ ನೆಲಕ್ಕೆ. ನಾವು ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದೆವು. ಕಾಶಕ್ಕ ಆ ತುದಿ, ಲಗಮವ್ವ ಈ ತುದಿ, ನಡುವೆ ನಾನು.

ಹುಡುಗಿಯರಿಗೆ ನಮ್ಮ ಜಗಳ ಗೊತ್ತಿತ್ತು. ಬೇಕಂತಲೇ ಬಂದು ಇಬ್ಬರ ಕೈ ಹಿಡಿದು ಎಳೆದರು. ‘ದೊಡ್ಡವರ ಫುಗಡಿ! ದೊಡ್ಡವರ ಫುಗಡಿ!’ ಕಾಶಕ್ಕ ಒಲ್ಲೆ ಒಲ್ಲೆ ಅಂದಳು. ಪಂಚಮಿಯಲ್ಲಿ ಕರೆದ ಫುಗಡಿಗೆ ಒಲ್ಲೆ ಅಂದರೆ ಸೋತಂತೆ ಅಂತ ಹುಡುಗಿಯರು ಹೋ ಅಂದರು. ಸೋಲುವ ಮಾತು ಇಬ್ಬರಿಗೂ ಆಗದು. ಕಾಶಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು. ಲಗಮವ್ವನೂ ನಿಂತಳು. ಮಾತಿಲ್ಲದೆ ಕೈ ಹಿಡಿದರು.

ಎರಡು ಸುತ್ತು ಛಲೋ ತಿರುಗಿದರು. ಮೂರನೆಯದರಲ್ಲಿ ಕಾಶಕ್ಕನ ಕುತ್ತಿಗೆ ತನ್ನ ಮನೆಯ ಕಡೆ ತಿರುಗಿತು. ಇಬ್ಬರೂ ಧಡಲ್ ಅಂತ ಬಿದ್ದರು. ಮತ್ತೆ ಎದ್ದರು. ಮತ್ತೆ ಮನೆಯ ದಿಕ್ಕು ಬಂದ ಕೂಡಲೇ ಆ ಕುತ್ತಿಗೆ ಅತ್ತ ಹೊರಳಿತು. ಮತ್ತೆ ಧಡಲ್. ಲಗಮವ್ವ ನೆಲದ ಮೇಲೆ ಕುಳಿತೇ ಚೀರಿದಳು: ‘ಮಾರಿ ಇತ್ತ ಮಾಡಕ್ಕಾ! ಮಗ್ಗ ಎಲ್ಲಿಗೂ ಓಡಿ ಹೋಗಾಂಗಿಲ್ಲ!’

ಅಷ್ಟು ದಿನದ ಮೇಲೆ ನೇರವಾಗಿ ಆಡಿದ ಮೊದಲ ಮಾತು ಅದು. ಕಾಶಕ್ಕ ಕಣ್ಣು ಪಿಳಿಪಿಳಿ ಮಾಡಿದಳು. ‘ನಾ ಅತ್ತ ತಿರಗಿದ್ನೇನ?’ ‘ತಿರಗಿದಿ.’ ‘ಖರೇ?’ ‘ಹುಡುಗ್ಯಾರ್ನ ಕೇಳ.’ ಹುಡುಗಿಯರೆಲ್ಲ ಹೌದು ಹೌದು ಅಂದರು. ಕಾಶಕ್ಕ ಬಾಯಿ ಮೇಲೆ ಕೈಯಿಟ್ಟುಕೊಂಡು, ‘ಯವ್ವಾ! ನಂಗ ಗೊತ್ತೇ ಇಲ್ಲಲ್ಲೇ’ ಅಂತ ಮೈ ಕುಲುಕಿಸಿ ನಕ್ಕಳು. ಲಗಮವ್ವನಿಗೂ ನಗು ಬಂತು. ‘ಮತ್ತ ನೀನೂ ಅಂಜಿದಷ್ಟೂ ಜೋರು ತಿರಗತಿ, ಅದು ಗೊತ್ತೈತೇನು?’ ಅಂದಳು ಕಾಶಕ್ಕ. ಲಗಮವ್ವ ಅಲ್ಲವೆಂದು ಮೊದಲು ತಲೆ ಅಲ್ಲಾಡಿಸಿದಳು, ಆಮೇಲೆ ನಿಂತು ಯೋಚಿಸಿದಳು. ‘ಖರೆ ಇರಬೇಕು. ಕತ್ತಲದಾಗ ನಡದರ ಹಂಗ ಓಡತೀನಿ ನಾ’ ಅಂದಳು.

ಆಮೇಲೆ ನನ್ನನ್ನು ಎಳೆದರು. ನನ್ನ ಪಾಲಿನದೂ ತಿಳಿಯಿತು. ವೇಗ ಬಂದು ಜೀವ ಝಲ್ಲೆಂದ ಕೂಡಲೇ ನನ್ನ ಬೆರಳು ಬಿಚ್ಚಿಕೊಳ್ಳುತ್ತವೆ. ಗಟ್ಟಿ ಹಿಡಿಯಬೇಕು ಅಂತ ಮನಸ್ಸು ಹೇಳುತ್ತಿರುತ್ತದೆ, ಬೆರಳು ಕೇಳುವುದಿಲ್ಲ. ಮೂರು ಸಲ ಅಂಗಾತ ಬಿದ್ದೆ. ಉಳಿದವರು ನಗುತ್ತಿದ್ದರು. ನನಗೆ ಮಾತ್ರ ನಗು ಬರಲಿಲ್ಲ. ಇವೇ ಬೆರಳುಗಳಿಂದ ನಾನು ದಿನವೂ ಬೋಗಾಣಿ ಹಿಡಿಯುತ್ತಿದ್ದೆ, ಅದೂ ಗೌರಿಯ ತಲೆಯ ಮೇಲೆ. ಕಾಶಕ್ಕ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ‘ಸುರೇಖಾ, ನೆಲಾ ನೋಡಬ್ಯಾಡ, ಕೈ ನೋಡಬ್ಯಾಡ. ನನ್ನ ಮಾರಿ ನೋಡ. ತಲಿ ತಿರಗಾಂಗಿಲ್ಲ’ ಅಂದಳು. ಆ ಸಲ ಸ್ವಲ್ಪ ಹೆಚ್ಚು ಹೊತ್ತು ತಿರುಗಿದೆವು.

ಅಲ್ಲಿಂದ ನಮಗೆ ಹುಚ್ಚು ಹಿಡಿಯಿತು. ಮಕ್ಕಳು ಮನೆಗೆ ಹೋದ ಮೇಲೆ ಬೋಗಾಣಿಗೆ ತಣ್ಣೀರು ತುಂಬಿ ಮೆಟ್ಟಿಲು ಇಳಿಸುವ ಆಟ. ಇಬ್ಬರು ಎತ್ತುವುದು, ಒಬ್ಬಳು ಕಾಡುವುದು. ಲಗಮವ್ವ ಮೂಲೆಯಲ್ಲಿ ಅಡಗಿ ಕುಳಿತು ‘ಕರೆಂಟ್ ಹೋತು!’ ಅಂತ ಕಿರುಚುವಳು, ತಗಡು ಬಡಿಯುವಳು, ಒಮ್ಮೆ ‘ಹಾವು!’ ಅಂದಳು. ಕಾಶಕ್ಕನ ಕುತ್ತಿಗೆ ತಿರುಗಿತೋ, ನೀರು ತುಳುಕಿತೋ, ಮರುದಿನದ ಉಳ್ಳಾಗಡ್ಡಿಯೆಲ್ಲ ಅವಳೇ ಹೆಚ್ಚಬೇಕು. ಮೊದಮೊದಲು ಎಲ್ಲ ಉಳ್ಳಾಗಡ್ಡಿಯೂ ಕಾಶಕ್ಕನ ಪಾಲಿಗೇ ಬಂತು. ಹೆಡ್‌ಮಾಸ್ತರರು ಒಮ್ಮೆ ಬಂದು ನೋಡಿ, ‘ಏನ್ ನಡಸೀರಿ ಇದು? ಸಣ್ಣ ಹುಡುಗ್ಯಾರಾಗೀರೇನು?’ ಅಂದರು. ಲಗಮವ್ವ, ‘ಸರ, ನೀವೂ ಒಂದ್ ಹಿಡಿಕಿ ಹಿಡೀರಿ’ ಅಂದಳು. ಅವರು ಬಂದ ದಾರಿ ಹಿಡಿದರು.

ಒಂದು ರೂಢಿ ತಾನಾಗಿಯೇ ಬಂತು. ಬೋಗಾಣಿ ಎತ್ತುವ ಮುಂಚೆ ಮೂವರೂ ಒಲೆಯ ಸುತ್ತ ನಿಂತು ಕೇಳಿಕೊಳ್ಳುವುದು: ‘ಇವತ್ತ ಯಾರಿಗೆ ಅಂಜಿಕಿ ಜಾಸ್ತಿ ಐತಿ?’ ಯಾರಿಗೆ ಜಾಸ್ತಿಯೋ ಅವರು ಹಿಡಿಕೆ ಹಿಡಿಯುವಂತಿಲ್ಲ. ಮುಂದೆ ಹೋಗಿ ಮಕ್ಕಳನ್ನು ಹಿಂದೆ ಸರಿಸಿ ನಿಲ್ಲಬೇಕು. ಅಂಜಿದವರ ಕಣ್ಣಿಗೆ ಎಲ್ಲ ಅಪಾಯವೂ ಕಾಣುತ್ತದಲ್ಲ, ಮಕ್ಕಳನ್ನು ಅವರೇ ಛಲೋ ಕಾಯುತ್ತಾರೆ. ಹಿಡಿದವರಿಬ್ಬರು ಸಾರು ನೋಡುವಂತಿಲ್ಲ, ಮೆಟ್ಟಿಲು ನೋಡುವಂತಿಲ್ಲ, ಎದುರಿನವರ ಮುಖ, ಕಾಶಕ್ಕ ಅಂದಂತೆ ಮಾರಿ, ನೋಡಬೇಕು. ಮಗ್ಗದ ಗದ್ದಲದಲ್ಲಿ ಬಾಯಿಯ ಮಾತು ಕೇಳುತ್ತಿರಲಿಲ್ಲ, ಹುಬ್ಬು ಸಾಕಾಗುತ್ತಿತ್ತು.

ಆಟ ಆಡಿದ್ದರಿಂದ ನನ್ನ ಅಂಜಿಕೆ ಹೋಯಿತು ಅಂದುಕೊಳ್ಳಬೇಡಿ. ಹೋಗಲಿಲ್ಲ. ಬೇಳೆಯ ಜೊತೆ ದಿನವೂ ಕುದಿಯುತ್ತಿತ್ತು. ಆದರೆ ಅದನ್ನು ಹೇಳಲು ಇಬ್ಬರಿದ್ದರು.

ಗಣಪತಿ ಹಬ್ಬ ಮುಗಿದಿತ್ತು. ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ, ಮೆಟ್ಟಿಲು ಹಸಿ. ಒಲೆಯ ಸುತ್ತ ನಿಂತೆವು. ಲಗಮವ್ವ, ‘ಇವತ್ತ ನನ್ನ ಕಾಲು ಓಡಾಕತ್ತಾವು, ನಾ ಹಿಡಿಯೂದಿಲ್ಲ’ ಅಂತ ಮುಂದೆ ಹೋದಳು. ಕಾಶಕ್ಕ, ನಾನು ಹಸಿ ಅರಿವೆ ಮಡಚಿ ಹಿಡಿಕೆ ಹಿಡಿದೆವು. ಹೊಸ್ತಿಲು ದಾಟಿದೆವು. ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಿದ್ದೆವು, ಮಗ್ಗಗಳ ಸದ್ದು ನಿಂತಿತು.

ಇಡೀ ಓಣಿಯದಲ್ಲ. ಗೋಡೆಯಾಚೆಯ ನಾಲ್ಕು ಮಗ್ಗದ್ದಷ್ಟೇ. ಕರೆಂಟು ಹೋಗಿದ್ದರೆ ಓಣಿಯೆಲ್ಲ ನಿಲ್ಲಬೇಕಿತ್ತು. ಯಾರೋ ಓಡಿ ಹೋಗಿ ಕರೆಂಟಿನ ಗುಂಡಿ ಆರಿಸಿರಬೇಕು. ಮರುಗಳಿಗೆ ಮಹಾದೇವನ ಕೂಗು: ‘ಯವ್ವಾ! ಯವ್ವಾ!’ ಹರೆಯದ ಮಗ ಸಣ್ಣ ಕೂಸಿನಂತೆ ಚೀರುತ್ತಿದ್ದ.

ನನ್ನ ಬೆರಳು ಬಿಚ್ಚಲು ಶುರುಮಾಡಿದವು. ನನಗೆ ಗೊತ್ತಾಗುತ್ತಿತ್ತು, ಒಂದೊಂದೂ ಬೆರಳು ಸಡಿಲಾಗುವುದು ಗೊತ್ತಾಗುತ್ತಿತ್ತು. ಈಗ ಕಾಶಕ್ಕ ತಿರುಗುತ್ತಾಳೆ, ತಿರುಗಿಯೇ ತಿರುಗುತ್ತಾಳೆ, ಮಗ ಕೂಗಿದರೆ ಯಾವ ತಾಯಿ ತಿರುಗುವುದಿಲ್ಲ? ಕೆಳಗೆ ಗೌರಿ ಇದ್ದಾಳೆ. ನಾನು ಆಕೆಯತ್ತ ನೋಡಲಿಲ್ಲ. ಕಾಶಕ್ಕನ ಮಾರಿ ನೋಡಿದೆ.

ಕಾಶಕ್ಕ ನನ್ನನ್ನೇ ನೋಡುತ್ತಿದ್ದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಕುತ್ತಿಗೆ ಮಾತ್ರ ತಿರುಗಲಿಲ್ಲ. ‘ಹಿಡಿ’ ಅಂತ ಹುಬ್ಬು ಅಂದಿತು. ಹಿಡಿದೆ. ಒಂದು ಮೆಟ್ಟಿಲು ಇಳಿದೆವು. ‘ಯವ್ವಾ!’ ಅಂತ ಮತ್ತೆ ಕೂಗು. ಇನ್ನೊಂದು ಮೆಟ್ಟಿಲು. ಲಗಮವ್ವ ಗೌರಿಯನ್ನೂ ಇನ್ನಿಬ್ಬರನ್ನೂ ತೋಳಿನಲ್ಲಿ ಬಾಚಿಕೊಂಡು ಹಿಂದೆ ಸರಿದಿದ್ದಳು. ಬೋಗಾಣಿಯನ್ನು ನೆಲಕ್ಕೆ ಇಟ್ಟೆವು. ಒಂದು ಹನಿಯೂ ತುಳುಕಲಿಲ್ಲ.

‘ಹೋಗಕ್ಕಾ!’ ಅಂದೆ. ಕಾಶಕ್ಕ ಹೋಗಲಿಲ್ಲ. ಆಕೆಯ ಬಲಗೈ ಹಿಡಿಕೆ ಬಿಡುತ್ತಿರಲಿಲ್ಲ. ನೋಡಿದರೆ ಆ ಕೈಯ ಅರಿವೆ ಹೊಸ್ತಿಲ ಹತ್ತಿರವೇ ಬಿದ್ದಿತ್ತು. ಮೊದಲ ಕೂಗಿಗೆ ಮೈ ಬೆದರಿದಾಗ ಜಾರಿರಬೇಕು. ಕಾದ ಹಿಡಿಕೆಯನ್ನು ಬರಿಗೈಯಲ್ಲಿ ಹಿಡಿದು ಆಕೆ ಮೆಟ್ಟಿಲು ಇಳಿದಿದ್ದಳು. ನಾನು ಒಂದೊಂದೇ ಬೆರಳು ಬಿಡಿಸಿದೆ. ಆಮೇಲೆ ಆಕೆ ಓಡಿದಳು.

ಮಗ್ಗದಿಂದ ಲಾಳಿ ಹಾರಿ ಮಹಾದೇವನ ಹುಬ್ಬಿಗೆ ಬಡಿದಿತ್ತು. ಮುಖ ತುಂಬ ರಕ್ತ. ಕಣ್ಣು ಹೋಯಿತು ಅಂತ ಎಲ್ಲರೂ ಹೌಹಾರಿದ್ದರು. ಜಮಖಂಡಿಯ ದವಾಖಾನೆಯಲ್ಲಿ ಹೊಲಿಗೆ ಹಾಕಿದರು. ಕಣ್ಣು ಉಳಿಯಿತು. ಮಗನ ಪಕ್ಕದ ಮಂಚದ ಮೇಲೆ ಅವ್ವನನ್ನೂ ಕೂಡಿಸಿ ಅಂಗೈಗೆ ಪಟ್ಟಿ ಕಟ್ಟಿದರು.

ನಾನು ನೋಡಲು ಹೋದಾಗ, ‘ಹೆಂಗ ತಡಕೊಂಡಿ ಅಕ್ಕಾ? ಮಗಾ ಕೂಗಾಕತ್ತಿದ್ದ’ ಅಂತ ಕೇಳಿದೆ. ‘ನಿನ್ನ ಮಾರಿ ನೋಡಿದ್ನಿ. ನಿನ್ನ ಬೆರಳು ಬಿಡಾಕತ್ತಾವಂತ ಗೊತ್ತಾತು. ನಾನೂ ತಿರಗಿದ್ರ ಹುಡುಗೂರ ಗತಿ ಏನಾಗತಿತ್ತು?’ ಅಂದಳು. ಆಮೇಲೆ ಮುಸುಮುಸು ಅತ್ತಳು. ನಾನೂ ಅತ್ತೆ. ಮಹಾದೇವ ಪಟ್ಟಿಯ ಕೆಳಗಿನಿಂದ, ‘ಅಳೂದರ ನಿಲ್ಲಸ್ರಿ, ತಲಿ ನೋಯಾಕತ್ತೈತಿ’ ಅಂದ.

ಮುಂದಿನ ಪಂಚಮಿ ಬಂದಾಗ ಕಾಶಕ್ಕನ ಅಂಗೈಯ ಗಾಯ ಮಾಯ್ದಿತ್ತು. ಚರ್ಮ ಗಂಟುಗಂಟಾಗಿ, ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಸಾಲೆಯ ಅಂಗಳದಲ್ಲಿ ಹುಡುಗಿಯರು, ಓಣಿಯ ಹೆಂಗಸರು ಸೇರಿ ಹೋ ಅನ್ನುತ್ತಿದ್ದರು. ಕಾಶಕ್ಕ ಸೆರಗು ಸಿಕ್ಕಿಸಿ ನನ್ನೆದುರು ಬಂದು ಎರಡೂ ಕೈ ಚಾಚಿದಳು. ನನಗೆ ಆ ಬಲಗೈ ಹಿಡಿಯಲು ಅಂಜಿಕೆ. ಮೆಲ್ಲಗೆ ಮುಟ್ಟಿದೆ.

‘ಮೆತ್ತಗ ಹಿಡದರ ಇಬ್ರೂ ಬೀಳತೀವಿ. ಗಟ್ಟಿ ಹಿಡಿ’ ಅಂದಳು.

ಹಿಡಿದೆ. ತಿರುಗಿದೆವು. ವೇಗ ಬಂತು, ಜೀವ ಝಲ್ಲೆಂದಿತು, ಬೆರಳು ಎಂದಿನಂತೆ ಸಡಿಲಾಗತೊಡಗಿದವು.

‘ಅಂಜಿಕಿ ಬಂತೇನ?’

‘ಬಂತಕ್ಕಾ.’

‘ಬರ್ಲಿ. ನನ್ನ ಮಾರಿ ನೋಡ.’

ಅಷ್ಟರಲ್ಲಿ ಕರೆಂಟು ಹೋಯಿತು. ಇಡೀ ಓಣಿ ಗಪ್ ಆಯಿತು. ಅಂಗಳದಲ್ಲಿದ್ದ ಹೆಂಗಸರೆಲ್ಲ ತಮ್ಮ ತಮ್ಮ ಮನೆಯ ಕಡೆ ತಿರುಗಿದರು. ಕಾಶಕ್ಕ ತಿರುಗಲಿಲ್ಲ. ನಾನು ಕೈ ಬಿಡಲಿಲ್ಲ.